ನೀರಿಗೆ ಹಿಡಿಸುವಷ್ಟು

ಉಪ್ಪಿಗೂ ಸಕ್ಕರೆಗೂ ನೀರು ಒಂದೇ ನ್ಯಾಯ ಮಾಡುವುದಿಲ್ಲ. ನೋಡಲು ಎರಡೂ ಬಿಳಿ, ಎರಡೂ ಹರಳು, ಎರಡೂ ಅಡುಗೆಮನೆಯ ಒಂದೇ ಮಾಡದಲ್ಲಿ ಅಕ್ಕಪಕ್ಕದ ಡಬ್ಬಿಗಳಲ್ಲಿ ಕೂರುವಂಥವು. ಆದರೂ 100 ಗ್ರಾಂ ನೀರಿಗೆ ಉಪ್ಪು ಹಾಕುತ್ತ ಕಲಕುತ್ತ ಹೋದರೆ 36 ಗ್ರಾಂ ಆಗುವ ಹೊತ್ತಿಗೆ ಮುಗಿಯಿತು. ಆಮೇಲೆ ಹಾಕಿದ್ದು ಹಾಕಿದ ಹಾಗೆ ತಳದಲ್ಲಿ ಬಿದ್ದಿರುತ್ತದೆ, ಎಷ್ಟು ಹೊತ್ತು ತಿರುವಿದರೂ ಅಷ್ಟೆ. ಅದೇ 100 ಗ್ರಾಂ ನೀರಿಗೆ ಸಕ್ಕರೆ ಹಾಕಿ ನೋಡಿ. ಐವತ್ತು ಹೋಯಿತು, ನೂರು ಹೋಯಿತು, ನೂರೈವತ್ತೂ ಹೋಯಿತು. ಬೆಚ್ಚಗಿನ ಕೋಣೆಯಲ್ಲಿ ಹೆಚ್ಚುಕಡಿಮೆ 200 ಗ್ರಾಂ ಸಕ್ಕರೆ ಅದರೊಳಗೆ ಇಳಿದು ಕಾಣದಂತಾಗುತ್ತದೆ. ನೀರಿನ ತೂಕದ ಎರಡರಷ್ಟು! ಆಗ ಆ ಪಾತ್ರೆಯಲ್ಲಿರುವುದನ್ನು ಸಕ್ಕರೆ ಬೆರೆತ ನೀರು ಎನ್ನುವುದಕ್ಕಿಂತ ನೀರು ಬೆರೆತ ಸಕ್ಕರೆ ಎನ್ನುವುದೇ ಸರಿ.

ಸುಣ್ಣದ ಕಥೆ ಮತ್ತೆ ಬೇರೆ. ಅರಳಿಸಿದ ಸುಣ್ಣವನ್ನು ಒಂದು ಕೊಡ ನೀರಿಗೆ ಎಷ್ಟು ಬೇಕಾದರೂ ಸುರಿಯಿರಿ, ರಾತ್ರಿ ಕಳೆದು ಬೆಳಗಾಗುವುದರೊಳಗೆ ಎಲ್ಲವೂ ತಳ ಸೇರಿ ಮೇಲೆ ಬರೀ ತಿಳಿ ನಿಂತಿರುತ್ತದೆ. ಆ ತಿಳಿಯಲ್ಲಿ ಲೀಟರಿಗೆ ಎರಡು ಗ್ರಾಮಿಗಿಂತಲೂ ಕಡಿಮೆ ಸುಣ್ಣ ಇರುವುದು. ಅಷ್ಟಕ್ಕೇ ಅದು ನಾಲಿಗೆಗೆ ಚುರುಕ್ಕೆನ್ನುತ್ತದೆ, ಅಷ್ಟಕ್ಕೇ ಉಸಿರು ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಸಕ್ಕರೆಗೆ ಕಿಲೋ ಲೆಕ್ಕ, ಉಪ್ಪಿಗೆ ಗ್ರಾಂ ಲೆಕ್ಕ, ಸುಣ್ಣಕ್ಕೆ ಚಿಟಿಕೆ ಲೆಕ್ಕ. ಈ ಲೆಕ್ಕದ ಪಟ್ಟಿಯನ್ನು ನಾನು ಮೊದಲು ನೋಡಿದ್ದು ರಸಾಯನಶಾಸ್ತ್ರದ ಪುಸ್ತಕದ ಕೊನೆಯ ಪುಟಗಳಲ್ಲಿ. ಅಲ್ಲಿ ಅದು ಬರೀ ಅಂಕಿಗಳ ಸಾಲು. ಆ ಅಂಕಿಗಳು ಊಟದ ತಟ್ಟೆಯಲ್ಲಿ, ಗದ್ದೆಯಲ್ಲಿ, ಕೆರೆಯಲ್ಲಿ, ಮಕ್ಕಳ ಹಲ್ಲಿನಲ್ಲಿ ಇವೆ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ದೊಡ್ಡ ಅಂಕಿಗಳು ಕಣ್ಣಿಗೆ ಕಾಣುವ ಚಂದವನ್ನು ಕೊಡುತ್ತವೆ. ಸಣ್ಣ ಅಂಕಿಗಳು ಬದುಕನ್ನೇ ಹಿಡಿದಿಟ್ಟಿವೆ. ಈ ಬರಹದಲ್ಲಿ ನಾನು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಹೋಗುತ್ತೇನೆ.

ಅದಕ್ಕೆ ಮೊದಲು, ಇನ್ನು ಕರಗುವುದಿಲ್ಲ ಎಂದು ನೀರು ನಿಂತುಬಿಟ್ಟಾಗ ಒಳಗೆ ನಡೆಯುವುದೇನು ಎಂದು ಹೇಳಬೇಕು. ನಮ್ಮ ಕಣ್ಣಿಗೆ ಎಲ್ಲ ನಿಂತ ಹಾಗೆ ಕಾಣುತ್ತದೆ, ಆದರೆ ನಿಂತಿರುವುದಿಲ್ಲ. ಸಂತೆಯ ದಿನದ ಬಸ್ಸು ತುಂಬಿದ ಮೇಲೂ ಪ್ರತಿ ನಿಲ್ದಾಣದಲ್ಲಿ ನಾಲ್ಕು ಜನ ಇಳಿದು ನಾಲ್ಕು ಜನ ಹತ್ತುತ್ತಾರಲ್ಲ, ಹಾಗೆ ತಳದ ಹರಳಿನಿಂದ ಎಷ್ಟು ಕಣಗಳು ಬಿಟ್ಟು ನೀರಿಗೆ ಹೋಗುತ್ತವೆಯೋ ಅಷ್ಟೇ ಕಣಗಳು ನೀರಿನಿಂದ ಬಂದು ಹರಳಿನ ಮೇಲೆ ಕೂರುತ್ತಿರುತ್ತವೆ. ಉಪ್ಪು ಮಿಕ್ಕಿರುವ ಉಪ್ಪುನೀರನ್ನು ಮುಚ್ಚಿ ತಿಂಗಳುಗಟ್ಟಲೆ ಇಟ್ಟರೆ ಪುಡಿಯಾಗಿದ್ದ ಉಪ್ಪು ಮೆಲ್ಲಗೆ ದಪ್ಪ ಹರಳಾಗುವುದು ಇದರಿಂದಲೇ. ಸಣ್ಣ ಹರಳು ಸವೆಯುತ್ತದೆ, ದೊಡ್ಡದು ಬೆಳೆಯುತ್ತದೆ. ನೀರಿನೊಳಗಿನ ಉಪ್ಪಿನ ಮೊತ್ತ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ನಮ್ಮ ಧಾರವಾಡದ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಮಾಡುತ್ತಾರೆ. ಪೇಟೆಯಲ್ಲಿ ಬಣ್ಣಬಣ್ಣದ ಪೊಟ್ಟಣಗಳಲ್ಲಿ ಸಿಗುವುದೂ ಕುಸುರೆಳ್ಳೇ, ಆದರೆ ಮನೆಯಲ್ಲಿ ಮಾಡಿದ್ದಕ್ಕೆ ಅದು ಸಾಟಿಯಾಗದು. ನಮ್ಮ ದೊಡ್ಡವ್ವ ಮಾಡುತ್ತಿದ್ದುದನ್ನು ನಾನು ಹತ್ತಿರ ಕುಳಿತು ನೋಡಿದ್ದೇನೆ. ಶೇಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಮೇಲೆ ಅಗಲವಾದ ಹಿತ್ತಾಳೆಯ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು. ಪಕ್ಕದಲ್ಲಿ ಹಾಲು ಹಾಕಿ ಕುದಿಸಿ, ಕೊಳೆ ತೆಗೆದು, ಸೋಸಿಟ್ಟ ಸಕ್ಕರೆ ಪಾಕ. ಒಂದು ಚಮಚ ಪಾಕ ಬಿಡುವುದು, ಬೆರಳುಗಳಿಂದ ಎಳ್ಳನ್ನು ಮೆಲ್ಲಗೆ ಆಡಿಸುವುದು, ಒಣಗಿತೆಂದು ಕಂಡಾಗ ಮತ್ತೊಂದು ಚಮಚ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಎಳ್ಳು ಮೊದಲು ಮಂಕಾಗುತ್ತದೆ, ಆಮೇಲೆ ಬೆಳ್ಳಗೆ ದುಂಡಗಾಗುತ್ತದೆ, ಕೊನೆಗೆ ಒಂದೊಂದು ಕಾಳಿನ ಮೈತುಂಬ ಮುಳ್ಳು ಏಳುತ್ತವೆ. ಮಕ್ಕಳಿಗೆ ಆ ಮುಳ್ಳು ಬೇಗ ನೋಡುವ ಆತುರ. ನಾನು ಚಮಚಕ್ಕೆ ಕೈ ಹಾಕಿದರೆ ದೊಡ್ಡವ್ವ ತಡೆಯುತ್ತಿದ್ದಳು. "ಗಡಬಡಿ ಮಾಡಬ್ಯಾಡ ತಂಗಿ, ಒಂದು ಚಮಚಾ ಹೆಚ್ಚಿಗಿ ಬಿತ್ತಂದ್ರ ಎಲ್ಲಾ ಗಂಟು ಗಂಟು ಆಗ್ತೈತಿ."

ಆ ಮಾತಿನಲ್ಲಿರುವ ವಿಜ್ಞಾನ ಪೂರ್ತಿ ಸರಿಯಾದದ್ದು. ಬಿಸಿ ಪರಾತದ ಮೇಲೆ ಬಿದ್ದ ಪಾಕದಿಂದ ನೀರು ಆವಿಯಾಗುತ್ತದೆ. ಉಳಿದ ಕೊಂಚ ನೀರಿಗೆ ಅಷ್ಟು ಸಕ್ಕರೆಯನ್ನು ಹಿಡಿದುಕೊಳ್ಳಲು ಆಗುವುದಿಲ್ಲ, ಸಕ್ಕರೆ ಹೊರಗೆ ಬರಲೇಬೇಕು. ಹೊಸದಾಗಿ ಹರಳು ಹುಟ್ಟುವುದಕ್ಕಿಂತ ಇದ್ದ ಹರಳಿನ ಮೇಲೆ ಕೂರುವುದು ಸಕ್ಕರೆಗೆ ಸುಲಭ. ಹಾಗಾಗಿ ಪಾಕ ತೆಳುವಾಗಿ ಸವರಿ, ಕಾವು ಹದವಾಗಿದ್ದರೆ, ಹಿಂದಿನ ಸುತ್ತಿನಲ್ಲಿ ಕೂತ ಹರಳಿನ ತುದಿಗೇ ಮುಂದಿನ ಸುತ್ತಿನದು ಅಂಟುತ್ತ ಹೋಗಿ ಮುಳ್ಳು ಉದ್ದವಾಗುತ್ತದೆ. ಪಾಕ ಹೆಚ್ಚು ಬಿದ್ದರೆ ಕಾಳು ಕಾಳಿಗೆ ಅಂಟಿ ಮುದ್ದೆಯಾಗುತ್ತದೆ. ಕೆಂಡ ಜೋರಾದರೆ ಸಕ್ಕರೆ ಕೆಂಪಗಾಗಿ ಹೊತ್ತುತ್ತದೆ. ಮಹಾರಾಷ್ಟ್ರದಲ್ಲಿ ಕುಸುರೆಳ್ಳನ್ನೇ ಹಲವಾ ಎಂದು ಕರೆದು, ಪೋಣಿಸಿ ಹೊಸ ಮದುಮಗಳಿಗೂ ಮಗುವಿಗೂ ಒಡವೆ ಮಾಡಿ ತೊಡಿಸುತ್ತಾರೆ. ಹರಳು ಬೆಳೆಸುವ ಪ್ರಯೋಗವನ್ನು ಕಾಲೇಜಿನಲ್ಲಿ ಬಹಳ ಗಂಭೀರವಾಗಿ ಮಾಡಿಸುತ್ತಾರೆ. ಶೇಗಡಿಯ ಮುಂದೆ ದಿನವಿಡೀ ಕೂತು ಆ ಪ್ರಯೋಗ ಮಾಡಿದ ಹೆಂಗಸರನ್ನು ಯಾವ ಪುಸ್ತಕವೂ ನೆನೆಯುವುದಿಲ್ಲ, ನೆನೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕುದಿಯುವ ನೀರು ತನ್ನ ತೂಕದ ಸುಮಾರು ಐದರಷ್ಟು ಸಕ್ಕರೆ ಹಿಡಿಯಬಲ್ಲದು. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂದು ಬೆರಳ ತುದಿಯಲ್ಲಿ ಎಳೆದು ನೋಡುವುದೆಲ್ಲ ಇನ್ನೆಷ್ಟು ನೀರು ಉಳಿದಿದೆ ಎಂಬುದರ ಪರೀಕ್ಷೆ. ಪಾಕ ಆರಿದಾಗ ನೀರಿಗೆ ಹಿಡಿಸುವುದಕ್ಕಿಂತ ಹೆಚ್ಚು ಸಕ್ಕರೆ ಅದರಲ್ಲಿ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಪಾತ್ರೆಯ ಅಂಚಿನಿಂದ ಕರಗದ ಒಂದು ಸಕ್ಕರೆ ಕಾಳು ಜಾರಿ ಬಿದ್ದರೆ ಸಾಕು, ಇಡೀ ಪಾಕ ಮರಳಿನಂತಾಗುತ್ತದೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಇದನ್ನು ತಡೆಯಲು. ಹುಳಿ ತಗುಲಿದಾಗ ಸಕ್ಕರೆಯ ಒಂದಷ್ಟು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳಾಗಿ ಒಡೆಯುತ್ತದೆ. ಅವು ನಡುವೆ ಬಂದರೆ ಹರಳಿನ ಸಾಲು ಕಟ್ಟುವುದು ಕಷ್ಟ.

ಜೇನುತುಪ್ಪದ ಮೇಲೆ ಬರುವ ಅಪವಾದವೂ ಈ ಎರಡು ಸಕ್ಕರೆಗಳದ್ದೇ. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಬೆಳ್ಳಗೆ ಗಟ್ಟಿ ಕಂಡೊಡನೆ ಸಕ್ಕರೆ ಬೆರೆಸಿದ್ದಾರೆ ಎಂದು ಬಾಟಲಿ ವಾಪಸು ತಂದುಕೊಡುವವರಿದ್ದಾರೆ. ಜೇನಿನಲ್ಲಿ ನೀರು ಇರುವುದೇ ಐದನೆಯ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲಿ ಫ್ರಕ್ಟೋಸ್ ಆರಾಮವಾಗಿ ಕರಗಿರುತ್ತದೆ, ಗ್ಲೂಕೋಸಿಗೆ ಮಾತ್ರ ಅಲ್ಲಿ ಜಾಗ ಸಾಲದು. ತಂಪಾದೊಡನೆ ಅದು ಹರಳಾಗಿ ಹೊರಬರುತ್ತದೆ. ಸೂರ್ಯಕಾಂತಿ ಹೊಲದ ಜೇನಿನಲ್ಲಿ ಗ್ಲೂಕೋಸ್ ಹೆಚ್ಚು, ಹಾಗಾಗಿ ಅದು ಬೇಗ ಗಟ್ಟಿಯಾಗುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಮತ್ತೆ ತಿಳಿಯಾಗುತ್ತದೆ. ಗಟ್ಟಿಯಾಯಿತು ಎಂಬ ಒಂದೇ ಕಾರಣಕ್ಕೆ ಜೇನು ಕೃಷಿಕರನ್ನು ಅನುಮಾನಿಸುವುದು ಅನ್ಯಾಯ.

ಬಿಸಿ ಮಾಡಿದರೆ ಹೆಚ್ಚು ಕರಗುತ್ತದೆ ಎನ್ನುವುದು ಎಲ್ಲರ ನಂಬಿಕೆ. ಸಕ್ಕರೆಯ ಮಟ್ಟಿಗೆ ನಿಜ. ಅಡುಗೆ ಉಪ್ಪಿಗೆ ಬಿಸಿಯೂ ಒಂದೇ, ತಂಪೂ ಒಂದೇ. ಮಂಜಿನಷ್ಟು ತಣ್ಣನೆಯ ನೀರಿನಲ್ಲಿ 35ರ ಮೇಲೆ ಚೂರು, ಕುದಿಯುವ ನೀರಿನಲ್ಲಿ 39 ಗ್ರಾಂ, ಇಷ್ಟೇ ವ್ಯತ್ಯಾಸ. ಹರಳನ್ನು ಬಿಡಿಸಲು ಶಾಖ ಬೇಕು. ಬಿಡಿಸಿದ ಕಣಗಳನ್ನು ನೀರು ಸುತ್ತುವರಿದಾಗ ಶಾಖ ಹೊರಗೆ ಬರುತ್ತದೆ. ಅಡುಗೆ ಉಪ್ಪಿನಲ್ಲಿ ಈ ಕೊಡುಕೊಳ್ಳುವಿಕೆ ಹೆಚ್ಚುಕಡಿಮೆ ಸರಿದೂಗುತ್ತದೆ, ಆದ್ದರಿಂದ ಕಾವು ಏರಿದರೂ ಅದಕ್ಕೆ ವಿಶೇಷ ಲಾಭವಿಲ್ಲ. ಸಿಡಿಮದ್ದಿಗೆ ಹಾಕುವ ಪೆಟ್ಲುಪ್ಪು ಇದಕ್ಕೆ ತದ್ವಿರುದ್ಧ. ಅದು ಕರಗಲು ಬಹಳ ಶಾಖ ಬೇಡುತ್ತದೆ. ಮಂಜಿನಷ್ಟು ತಣ್ಣನೆಯ 100 ಗ್ರಾಂ ನೀರಿನಲ್ಲಿ 13 ಗ್ರಾಂ ಕರಗಿದರೆ ಕುದಿಯುವ ನೀರಿನಲ್ಲಿ 240 ಗ್ರಾಮಿಗೂ ಹೆಚ್ಚು ಕರಗುತ್ತದೆ. ಕರಗುವಾಗ ಬೇಕಾದ ಶಾಖವನ್ನು ಅದು ನೀರಿನಿಂದಲೇ ಎಳೆದುಕೊಳ್ಳುವುದರಿಂದ ಪಾತ್ರೆ ತಣ್ಣಗಾಗುತ್ತದೆ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದುದು ಹೀಗೆಯೇ: ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಇಟ್ಟು ಆಡಿಸುವುದು. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಕರಗಿದ ಪೆಟ್ಲುಪ್ಪು ಹಾಳಾಗುವುದೂ ಇಲ್ಲ, ನೀರನ್ನು ಆರಿಸಿದರೆ ಮತ್ತೆ ಕೈಗೆ ಬರುತ್ತದೆ.

ಪೆಟ್ಲುಪ್ಪಿನ ಈ ಗುಣ ಚರಿತ್ರೆಯನ್ನೇ ತಿರುಗಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬಿಹಾರದಲ್ಲಿ ಹಳೆಯ ಮಣ್ಣಿನ ಗೋಡೆ, ದನ ಕಟ್ಟುವ ಜಾಗದ ಸುತ್ತ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ. ನೋನಿಯಾ ಎಂಬ ಸಮುದಾಯದವರು ಆ ಮಣ್ಣು ಕೆರೆದು, ನೀರು ಹಾಯಿಸಿ, ಬಸಿದು, ಕಾಯಿಸುತ್ತಿದ್ದರು. ಅದರಲ್ಲಿ ಅಡುಗೆ ಉಪ್ಪೂ ಇರುತ್ತದೆ, ಪೆಟ್ಲುಪ್ಪೂ ಇರುತ್ತದೆ. ಕಾಯಿಸಿ ಆರಲು ಬಿಟ್ಟರೆ ಪೆಟ್ಲುಪ್ಪು ಹರಳಾಗಿ ಬೀಳುತ್ತದೆ, ಅಡುಗೆ ಉಪ್ಪು ತಂಪಿಗೆ ಜಗ್ಗದೆ ನೀರಿನಲ್ಲೇ ಉಳಿಯುತ್ತದೆ. ಎರಡು ಉಪ್ಪುಗಳನ್ನು ಬೇರೆ ಮಾಡಲು ಬೇರೆ ಯಾವ ಉಪಕರಣವೂ ಬೇಡ. ಡಚ್ಚರ ಮತ್ತು ಇಂಗ್ಲಿಷರ ಕಂಪನಿಗಳು ಪಾಟ್ನಾದಲ್ಲಿ ಕೋಠಿ ಹಾಕಿ ಆ ಹರಳನ್ನು ಹಡಗು ತುಂಬ ಒಯ್ದವು. ಯುರೋಪಿನ ಯುದ್ಧಗಳಲ್ಲಿ ಸಿಡಿದ ಮದ್ದಿನ ಬಹುಪಾಲು ಪೆಟ್ಲುಪ್ಪೇ. ಆ ಮಣ್ಣು ಕೆರೆದವರಿಗೆ ಅದರಿಂದ ಸಿಕ್ಕಿದ್ದು ಕೂಲಿ ಮಾತ್ರ.

ಗೋಕರ್ಣದ ದಾರಿಯಲ್ಲಿ ಹೋಗುವವರು ಸಾಣಿಕಟ್ಟಾದಲ್ಲಿ ಒಮ್ಮೆ ಇಳಿಯಬೇಕು. ಮಾರ್ಚಿ ಏಪ್ರಿಲಿನಲ್ಲಾದರೆ ಇನ್ನೂ ಒಳ್ಳೆಯದು. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಹಿನ್ನೀರಿನ ಅಂಚಿಗೆ ಹಬ್ಬಿದ ಉಪ್ಪಿನಾಗರಗಳು ಅವು. ಭರತದ ಉಪ್ಪುನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಒಣಗಿಸುತ್ತಾರೆ. ಆಗೇರ ಸಮುದಾಯದವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕಸುಬು ಇದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಎಲ್ಲ ಲವಣಗಳೂ ಸೇರಿ 35 ಗ್ರಾಂ ಇರುತ್ತವೆ. ಅಡುಗೆ ಉಪ್ಪು ಹರಳಾಗಿ ಬೀಳಬೇಕಾದರೆ ಆ ನೀರು ಇಂಗಿ ಇಂಗಿ ಹತ್ತರಲ್ಲಿ ಒಂದು ಪಾಲಿಗೆ ಬರಬೇಕು.

ನನಗೆ ಅಲ್ಲಿ ಬಹಳ ಇಷ್ಟವಾದದ್ದು ಒಂದೊಂದೂ ತನ್ನ ಸರದಿಗೆ ಕಾಯುವ ರೀತಿ. ನೀರಿಗೆ ಯಾವುದು ಕಡಿಮೆ ಹಿಡಿಸುತ್ತದೆಯೋ ಅದು ಮೊದಲು ಹೊರಗೆ. ನೀರು ಅರ್ಧಕ್ಕೆ ಬರುವ ಹೊತ್ತಿಗೆ ಸುಣ್ಣದ ಅಂಶ ಬೀಳಲು ತೊಡಗುತ್ತದೆ. ನಾಲ್ಕು ಐದರಲ್ಲಿ ಒಂದು ಪಾಲಾದಾಗ ಜಿಪ್ಸಂ. ಇವು ಮೊದಲ ಕಟ್ಟೆಗಳಲ್ಲೇ ತಳ ಹಿಡಿದು ಕೂರುತ್ತವೆ. ಆಮೇಲಿನ ಗದ್ದೆಗೆ ಬಿಟ್ಟ ನೀರಿನಲ್ಲಿ ಅಡುಗೆ ಉಪ್ಪು ಬೀಳುತ್ತದೆ. ಕೊನೆಗೂ ಬೀಳದೆ ಉಳಿಯುವುದು ಮೆಗ್ನೀಸಿಯಂ ಲವಣಗಳು, ಬಾಯಿಗೆ ಹಾಕಿದರೆ ಕಹಿ. ಆ ಕಹಿನೀರನ್ನು ಪೂರ್ತಿ ಆರಲು ಬಿಡದೆ ಹೊರಗೆ ಹಾಯಿಸಿಬಿಡಬೇಕು. ಯಾವಾಗ ಒಳಗೆ ಬಿಡಬೇಕು, ಯಾವಾಗ ಹೊರಗೆ ಬಿಡಬೇಕು ಎಂಬ ಈ ಎರಡು ತೀರ್ಮಾನಗಳಲ್ಲಿ ಉಪ್ಪಿನ ರುಚಿ ನಿಂತಿದೆ. ಇದೇ ಜಿಲ್ಲೆಯ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಜನ ಸಮುದ್ರದ ನೀರಿನಿಂದ ಉಪ್ಪು ಮಾಡಿ ಬ್ರಿಟಿಷ್ ಸರ್ಕಾರದ ಕಾನೂನು ಮುರಿದರು. ಕಡಲಿನಲ್ಲಿ ಕರಗಿದ್ದಷ್ಟು ಹೊತ್ತು ಯಾರದೂ ಅಲ್ಲದ ಉಪ್ಪು, ನೀರು ಆರಿದೊಡನೆ ಸರ್ಕಾರದ್ದಾಗುತ್ತದೆ ಎಂಬ ಕಾನೂನು ಅದು. ಅದನ್ನು ಮುರಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಕಲ್ಲುಪ್ಪಿನ ಭರಣಿ ಮಳೆಗಾಲದಲ್ಲಿ ಅಳುವುದು ಕರಾವಳಿಯ ಮನೆಮನೆಯ ಅನುಭವ. ಗಾಳಿಯ ತೇವ ನೂರಕ್ಕೆ ಎಪ್ಪತ್ತೈದು ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಅದರಲ್ಲಿ ತಾನು ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಮೂವತ್ತಮೂರು ಸಾಕು. ಹಾಗಾಗಿ ಕಹಿನೀರು ಸರಿಯಾಗಿ ಬಸಿಯದ ಉಪ್ಪು ಬೇಸಿಗೆಯಲ್ಲೂ ಪಸೆಯಾಡುತ್ತದೆ. ನೀರಿಗೆ ಕರಗುವುದು ಉಪ್ಪು ಮಾತ್ರವಲ್ಲ, ಕಲ್ಲೂ ಕರಗುತ್ತದೆ. ಇದೇ ಕುಮಟಾ ತಾಲ್ಲೂಕಿನ ಯಾಣದ ಕರಿಬಂಡೆಗಳು ಸುಣ್ಣದ ಕಲ್ಲು. ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಮಳೆನೀರು ತುಸು ಹುಳಿಯಾಗುತ್ತದೆ. ಆ ಹುಳಿನೀರಿಗೆ ಕಲ್ಲು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕರಗುತ್ತದೆ. ಲಕ್ಷಾಂತರ ವರ್ಷಗಳ ಮಳೆ ಆ ಶಿಖರಗಳನ್ನು ಹಾಗೆ ಕೊರೆದಿದೆ. ಆ ನೀರನ್ನೇ ಕಾಯಿಸಿದರೆ ಅನಿಲ ಹೊರಟುಹೋಗಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಬಚ್ಚಲ ಹಂಡೆಯ ಒಳಮೈಗೆ, ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪೊರೆ ಅದೇ.

ಅನಿಲದ ಮಾತು ಬಂತಲ್ಲ, ಅದರ ನಡೆ ಉಪ್ಪು ಸಕ್ಕರೆಗೆ ತಿರುಗುಮುರುಗು. ನೀರು ಬಿಸಿಯಾದಷ್ಟೂ ಅನಿಲ ಕಡಿಮೆ ಹಿಡಿಸುತ್ತದೆ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಹಿಡಿಸುತ್ತದೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ಭಟ್ಟಿಯ ಪಕ್ಕದಲ್ಲಿ ವಾಸವಾಗಿದ್ದ. ಹುದುಗುವ ತೊಟ್ಟಿಯ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಬೆರೆಸಿ 1767ರಲ್ಲಿ ಸೋಡಾ ಮಾಡಿದ. ಒತ್ತಡಕ್ಕೂ ಕರಗುವ ಅನಿಲದ ಮೊತ್ತಕ್ಕೂ ಇರುವ ನೇರ ಸಂಬಂಧವನ್ನು 1803ರಲ್ಲಿ ವಿಲಿಯಂ ಹೆನ್ರಿ ಅಳೆದು ತೋರಿಸಿದ. 1872ರಲ್ಲಿ ಹೈರಮ್ ಕಾಡ್ ಎಂಬ ಇನ್ನೊಬ್ಬ ಇಂಗ್ಲಿಷಿನವನು, ಕರಗಿದ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವಂಥ ಬಾಟಲಿಗೆ ಪೇಟೆಂಟ್ ಪಡೆದ. ಅದೇ ನಮ್ಮ ಜಾತ್ರೆಯ ಗೋಲಿ ಸೋಡಾ. ಗೋಲಿಯನ್ನು ಒತ್ತಿದ ಕ್ಷಣ ಒತ್ತಡ ಇಳಿದು, ನೀರಿಗೆ ಇನ್ನು ಹಿಡಿಸದ ಅನಿಲವೆಲ್ಲ ಗುಳ್ಳೆಯಾಗಿ ನುಗ್ಗುತ್ತದೆ. ಮಂಜಿನಲ್ಲಿ ಹುಗಿದಿಟ್ಟ ಸೋಡಾ ಹೆಚ್ಚು ಹೊತ್ತು ಕುಟುಕುವುದು ತಣ್ಣನೆಯ ನೀರು ಅನಿಲವನ್ನು ಬಿಡದೆ ಹಿಡಿದುಕೊಳ್ಳುವುದರಿಂದ.

ಆಫ್ರಿಕಾದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದಲ್ಲಿ ನಡೆದದ್ದೂ ತಾತ್ವಿಕವಾಗಿ ಇದೇ. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ, ಇನ್ನೂರು ಮೀಟರಿಗೂ ಹೆಚ್ಚು ಆಳದ ಸರೋವರ. ನೆಲದಾಳದಿಂದ ಒಸರುವ ಇಂಗಾಲದ ಡೈ ಆಕ್ಸೈಡ್ ತಳದ ನೀರಿನಲ್ಲಿ ಕರಗುತ್ತ ಹೋಯಿತು. ಮೇಲಿನ ನೀರಿನ ಭಾರ ಅಪಾರವಾದ್ದರಿಂದ ತಳದ ನೀರಿಗೆ ಅಪಾರವಾಗಿ ಹಿಡಿಸಿತು. 1986ರ ಆಗಸ್ಟ್ 21ರ ರಾತ್ರಿ ಆ ತಳದ ನೀರು ಕದಲಿ ಮೇಲೆದ್ದಿತು, ಒತ್ತಡ ತಪ್ಪಿದ ಅನಿಲ ಒಮ್ಮೆಗೇ ಹೊರನುಗ್ಗಿತು. ಗಾಳಿಗಿಂತ ಭಾರವಾದ ಆ ಮೋಡ ಕಣಿವೆಯ ಹಳ್ಳಿಗಳಿಗೆ ಇಳಿದು ಸುಮಾರು 1700 ಜನರನ್ನೂ ಅವರ ದನಕರುಗಳನ್ನೂ ಉಸಿರುಗಟ್ಟಿಸಿ ಕೊಂದಿತು. 2001ರಿಂದ ಆ ಸರೋವರದ ತಳಕ್ಕೆ ಕೊಳವೆ ಇಳಿಸಿ ಕರಗಿದ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತಿದ್ದಾರೆ. ತಿಳಿಯಾಗಿ ನಿಂತ ನೀರಿನಲ್ಲಿ ಏನು ಕರಗಿದೆ ಎಂದು ಕಣ್ಣು ಹೇಳಲಾರದು. ಇದನ್ನು ಓದಿದ ಮೇಲೆ ಯಾವ ನೀರನ್ನೂ ನಾನು ಬರೀ ನೋಡಿ ನಂಬುವುದಿಲ್ಲ.

ಇನ್ನು ಸಣ್ಣ ಅಂಕಿಗಳಿಗೆ ಬಂದೆವು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಇಪ್ಪತ್ತು ಡಿಗ್ರಿಯ ಒಂದು ಲೀಟರ್ ನೀರಿಗೆ ಗಾಳಿಯಿಂದ ಹಿಡಿಸುವ ಆಮ್ಲಜನಕ ಒಟ್ಟು 9 ಮಿಲಿಗ್ರಾಂ. ಮೂವತ್ತು ಡಿಗ್ರಿಗೆ ಏರಿದರೆ ಏಳೂವರೆ. ನಾಲ್ಕಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ಇರುವ ಅವಕಾಶ ಅಷ್ಟೇ, ಏಳೂವರೆಗೂ ನಾಲ್ಕಕ್ಕೂ ನಡುವಿನ ಮೂರೂವರೆ ಮಿಲಿಗ್ರಾಂ. ಬೇಸಿಗೆಯ ಕೆರೆಗೆ ಒಳಚರಂಡಿಯ ನೀರು ಸೇರಿತೆಂದರೆ ಆ ಕೊಳೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅದನ್ನೂ ಕಬಳಿಸುತ್ತವೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ್ದನ್ನು ನಗರ ನೋಡಿತು. ವಿಷ ಹಾಕಿದರೋ ಎಂದು ಜನ ಕೇಳುತ್ತಾರೆ. ಇಂಥ ಸಾವಿಗೆ ಬೇರೆ ವಿಷವೇ ಬೇಕಿಲ್ಲ, ಬೇಸಿಗೆಯ ಕಾವಿಗೆ ಮೊದಲೇ ಕುಗ್ಗಿದ ಉಸಿರನ್ನು ನಮ್ಮ ಮನೆಗಳ ಕೊಳೆನೀರು ಕಸಿದುಕೊಂಡರೆ ಸಾಕು. ಅಂಥ ಕೆರೆಗೆ ಕಾರಂಜಿ ಹಾಕಿಸುವುದು ಒಳ್ಳೆಯದೇ, ಆದರೆ ಕೊಳೆನೀರಿನ ಕಾಲುವೆಯನ್ನು ತಿರುಗಿಸದೆ ಕಾರಂಜಿ ಹಾಕಿ ಪ್ರಯೋಜನವಿಲ್ಲ.

ಇನ್ನೂ ಸಣ್ಣ ಅಂಕಿ ಒಂದಿದೆ. ನನ್ನ ಮನಸ್ಸಿಗೆ ಅದು ಎಲ್ಲಕ್ಕಿಂತ ದೊಡ್ಡದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದ ಕಡೆ ಒಂದೂವರೆಯವರೆಗೆ ನಡೆಯುತ್ತದೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಈ ಮಿತಿಯನ್ನು ಮೀರಿದೆ. ಕೋಲಾರ, ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳದ್ದೂ ಇದೇ ಪಾಡು. ಅಲ್ಲಿನ ನೆಲದಡಿಯ ಕಲ್ಲಿನಲ್ಲೇ ಫ್ಲೋರೈಡ್ ಇದೆ. ತೆರೆದ ಬಾವಿಯಲ್ಲಿ ಮೇಲೆಯೇ ನೀರು ಸಿಗುತ್ತಿದ್ದಾಗ ಅದಕ್ಕೂ ಕಲ್ಲಿಗೂ ಒಡನಾಟ ಕಡಿಮೆ ಇತ್ತು. ನೂರಾರು ಅಡಿ ಕೊರೆದು ಎತ್ತುವ ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಬಂದದ್ದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಒಂದನ್ನೊಂದು ಹಿಡಿದು ಹರಳಾಗುತ್ತವೆ, ಆ ಹರಳು ನೀರಿಗೆ ಬಹಳ ಕಡಿಮೆ ಹಿಡಿಸುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಮಿತಿ ಮೀರಿ ಏರಲಾರದು. ಕ್ಯಾಲ್ಸಿಯಂ ಸುಣ್ಣವಾಗಿ ನೆಲದಲ್ಲೇ ಉಳಿದು ನೀರಿನಲ್ಲಿ ಸೋಡಿಯಂ ಹೆಚ್ಚಾದ ಕಡೆ ತಡೆಯುವವರಿಲ್ಲದೆ ಫ್ಲೋರೈಡ್ ಏರುತ್ತದೆ. ಹಾಗಾಗಿ ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಸಲ ಮೆದುವಾಗಿರುತ್ತದೆ, ಸಾಬೂನಿಗೆ ನೊರೆ ಕೊಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಬೇಳೆ ಬೇಯದ ಗಡಸುನೀರನ್ನು ಬೈಯುತ್ತೇವೆ, ಇಂಥ ನೀರನ್ನು ಒಳ್ಳೆಯ ನೀರೆಂದು ಕುಡಿಯುತ್ತೇವೆ.

ನೀರು ಕಾಯಿಸಿ ಆರಿಸಿ ಕುಡಿಯಿರಿ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಕಾಲರಾ, ಕಾಮಾಲೆ ತಡೆಯಲು ಅದು ಬಹಳ ಒಳ್ಳೆಯ ಮಾತು. ಫ್ಲೋರೈಡಿಗೆ ಅದು ನಡೆಯುವುದಿಲ್ಲ. ಕುದಿಸಿದಾಗ ಹೋಗುವುದು ನೀರು, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಕರಗಿದ್ದು ಹಿಂದೆ ನಿಲ್ಲುವುದಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ) ಸುಣ್ಣ ಮತ್ತು ಪಟಿಕ ಹಾಕಿ ಕಲಕಿ ತಿಳಿಯಾಗಲು ಬಿಡುವ ವಿಧಾನವೊಂದನ್ನು ರೂಪಿಸಿದರು, ನಲ್ಗೊಂಡ ವಿಧಾನ ಎಂದೇ ಅದಕ್ಕೆ ಹೆಸರು. ಈಗ ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಅವು ಕೆಟ್ಟು ನಿಂತರೆ ಜನ ಮತ್ತೆ ಕೊಳವೆಬಾವಿಗೇ ಹೋಗಬೇಕು. ಹೆಂಚಿನ ಮೇಲಿಂದ ಹರಿದು ಬಂದ ಮಳೆನೀರಿನಲ್ಲಿ ಮಾತ್ರ ಈ ತೊಂದರೆ ಇಲ್ಲ. ಮೊದಲ ಮಳೆ ಬಿಟ್ಟು ಆಮೇಲಿನದನ್ನು ಸೋಸಿ ತೊಟ್ಟಿಯಲ್ಲಿ ಹಿಡಿದಿಟ್ಟರೆ ಅದು ಕಲ್ಲಿನ ಸಹವಾಸ ಮಾಡದ ನೀರು. ಬಯಲುಸೀಮೆಯಲ್ಲಿ ಮನೆಮನೆಗೂ ಅಂಥ ತೊಟ್ಟಿ ಇರಬೇಕು. ಇದಕ್ಕಿಂತ ನಂಬಿಕೆಯ ದಾರಿ ನನಗೆ ಕಾಣುವುದಿಲ್ಲ.

ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆಯಾದ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಮೊದಲು ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಬರುತ್ತದೆ. ವರ್ಷಗಳು ಕಳೆದಂತೆ ಮೂಳೆ, ಕೀಲು ಬಿಗಿದು ನಡು ಬಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ದವಡೆಯೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುತ್ತಿರುತ್ತವೆ. ಆಗ ಕುಡಿದ ನೀರಿನ ಕಲೆಯನ್ನು ಆಮೇಲೆ ಎಷ್ಟು ಉಜ್ಜಿದರೂ ತೆಗೆಯಲಾಗುವುದಿಲ್ಲ. ಹುಡುಗಿಯೊಬ್ಬಳು ನಗುವಾಗ ಸೆರಗನ್ನೋ ಕೈಯನ್ನೋ ಬಾಯಿಗೆ ಅಡ್ಡ ಹಿಡಿಯುವುದನ್ನು ಆ ಊರುಗಳಲ್ಲಿ ನೋಡಿದವರಿಗೆ ಒಂದೂವರೆ ಮಿಲಿಗ್ರಾಂ ಎಂದರೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ.

ನಿಮ್ಮ ಮನೆಯ ನೀರು ಕೊಳವೆಬಾವಿಯದ್ದಾದರೆ ದಯವಿಟ್ಟು ಪರೀಕ್ಷೆ ಮಾಡಿಸಿ. ಚೊಕ್ಕವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ತೊಳೆದು, ತುಂಬಿಸಿ, ಜಿಲ್ಲಾ ಕೇಂದ್ರದ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕೊಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡರ ಫಲಿತಾಂಶ ಒಂದೇ ಇರಬೇಕೆಂದಿಲ್ಲ. ವರದಿ ಕೈಗೆ ಬಂದಾಗ ಗಡಸುತನ, ಒಟ್ಟು ಕರಗಿದ ಲವಣ ಎಂಬ ಸಾಲುಗಳನ್ನು ನೋಡಿ ತೃಪ್ತಿಪಡಬೇಡಿ, ಫ್ಲೋರೈಡಿನ ಸಾಲನ್ನು ಹುಡುಕಿ ಓದಿ. ಒಂದೂವರೆ ಮೀರಿದ್ದರೆ ಆ ನೀರನ್ನು ಬಟ್ಟೆ ಒಗೆಯಲು, ಸ್ನಾನಕ್ಕೆ ಬಳಸಿ. ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಊರಿನ ಶಾಲೆಗೂ ಕೊಡಿ.